“ನಿನಗೇನು ಕಮ್ಮಿ?”

ಆಕೆಗೆ 26 ವರ್ಷ. ಮಂಡ್ಯ ಕಡೆಯ ಮೇಷ್ಟ್ರ ಮಗಳು. ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. 14 ತಿಂಗಳ ಹಿಂದೆ ಮೈಸೂರಿನ ಭಾರಿ ಸಿರಿವಂತರ ಮನೆಗೆ ಸೊಸೆಯಾಗಿ ಬಂದಳು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಮೊದಲ ದಿನ ತುಂಬಾ ಹೊತ್ತು ಸೆರಗಿನ ಅಂಚು ಮಡಚುತ್ತಾ ಕೂತಿದ್ದಳು. ಆಮೇಲೆ, “ಯಾರೂ ಕೈ ಮಾಡಿಲ್ಲ ಮೇಡಂ, ಬೈದೂ ಇಲ್ಲ. ಮತ್ಯಾಕೆ ನಂಗೆ ಊಟ ಸೇರಲ್ಲ?” ಅಂದಳು.

ಕ್ಲಬ್ಬಿನ ಪಾರ್ಟಿಗೆ ಯಾವ ಸೀರೆ ಅಂತ ಅತ್ತೆ ಹೇಳುತ್ತಾರೆ. ಜನರೆದುರು ಗಂಡ ಹೆಗಲ ಮೇಲೆ ಕೈ ಹಾಕುತ್ತಾನೆ, ಕಾರಿನ ಬಾಗಿಲು ಮುಚ್ಚಿದ ಕೂಡಲೇ ಫೋನು ಹಿಡಿಯುತ್ತಾನೆ. ಕೆಲಸ ಬಿಡಿಸಿದ್ದಾರೆ. ತವರಿನ ಒಡವೆ ಅತ್ತೆಯ ಲಾಕರಿನಲ್ಲಿದೆ. ಅಮ್ಮನ ಔಷಧಿಗೆ 500 ರೂಪಾಯಿ ಕಳಿಸಬೇಕಾದರೂ ಕೇಳಬೇಕು.

ದಸರೆಗೆ ಗೊಂಬೆ ಕೂರಿಸಲು ಡೆಕೋರೇಟರ್ ಬಂದಿದ್ದನಂತೆ. ಮದುವೆಯಲ್ಲಿ ತಾಯಿ ಕೊಟ್ಟಿದ್ದ ಪಟ್ಟದ ಗೊಂಬೆಗಳು “ಥೀಮಿಗೆ ಹೊಂದಲ್ಲ” ಅಂತ ಪೇಪರಿನಲ್ಲಿ ಸುತ್ತಿಕೊಂಡು ಅಟ್ಟ ಸೇರಿದವು. ಇದನ್ನು ಹೇಳುವಾಗ ಬಿಕ್ಕಿ ಬಿಕ್ಕಿ ಅತ್ತಳು. ತವರಿಗೆ ಫೋನು ಮಾಡಿದರೆ ಒಂದೇ ಮಾತು: “ನಿನಗೇನು ಕಮ್ಮಿ?”

ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕಮ್ಮಿ ಇರುವುದನ್ನು ಹೆಸರಿಟ್ಟು ಬರೆದುಕೊಂಡು ಬಾ ಅಂದೆ. ಮೂರು ಬರೆದು ತಂದಳು: ಕೆಲಸ, ಕೈಯಲ್ಲಿ ದುಡ್ಡು, ಗಂಡನ ಜೊತೆ ಮಾತು.

ವಿಚ್ಛೇದನದ ಬಗ್ಗೆಯೂ ಕೇಳಿದಳು. ಇಬ್ಬರೂ ಒಪ್ಪಿ ಅರ್ಜಿ ಹಾಕುವುದಕ್ಕೂ ಒಂದು ವರ್ಷ ಬೇರೆ ಇದ್ದಿರಬೇಕು, ಸೋತು ಸುಣ್ಣವಾಗಿರುವ ಈ ಹೊತ್ತಿನಲ್ಲಿ ಹೋಗುವುದನ್ನೂ ಇರುವುದನ್ನೂ ತೀರ್ಮಾನಿಸಬೇಡ ಅಂದೆ. ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ, ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದವು. ರಾತ್ರಿ ಹೊತ್ತು ಎದೆ ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತವರಿನ ಒಡವೆ ಸ್ತ್ರೀಧನ, ಅದು ಅವಳದೇ. 1985ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹೆಂಡತಿಗೆ ಖರ್ಚಿಗೆ ಕೊಡದೆ, ಸ್ತ್ರೀಧನ ಮುಟ್ಟಲು ಬಿಡದೆ ಇರುವುದನ್ನೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹಿಂಸೆ ಅಂತಲೇ ಕರೆಯುತ್ತದೆ. ಇದನ್ನು ಕೇಳಿ ಅವಳು ನೆಟ್ಟಗೆ ಕೂತಳು.

ಮೂರನೆಯ ಸಲ ಗಂಡನೂ ಬಂದ. “ನಮ್ಮಪ್ಪ ಅಮ್ಮ ಕೂತು ಮಾತಾಡಿದ್ದನ್ನ ನಾನು ನೋಡೇ ಇಲ್ಲ” ಅಂದ. ಪಾಪ, ಅವನಿಗೆ ಕಲಿಸಿದವರೇ ಇಲ್ಲ. ಆದರೆ ಅದರ ಬೆಲೆಯನ್ನು ಇವಳು ಯಾಕೆ ತೆರಬೇಕು? ವಾರಕ್ಕೆರಡು ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇಬ್ಬರೇ ನಡೆಯಿರಿ, ಫೋನು ಮನೆಯಲ್ಲಿರಲಿ, ನೀವು ಜಾಸ್ತಿ ಕೇಳಿಸಿಕೊಳ್ಳಿ ಅಂದೆ. ಅವಳ ಕೆಲಸದ ಮಾತನ್ನು ತಾಯಿಯ ಹತ್ತಿರ ನೀವೇ ಎತ್ತಬೇಕು ಅಂತಲೂ ಹೇಳಿದೆ.

ಎರಡು ತಿಂಗಳಾಯಿತು. ಅವಳು ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದಾಳೆ, ಸ್ವಂತ ಖಾತೆ ತೆರೆದಿದ್ದಾಳೆ. ಗಂಡ ಕೆಲವು ಸಂಜೆ ಬರುತ್ತಾನೆ, ಕೆಲವು ಸಂಜೆ ತಪ್ಪಿಸುತ್ತಾನೆ. ಒಡವೆಯ ಮಾತು ಇನ್ನೂ ಎತ್ತಿಲ್ಲ. ಮುಂದಿನ ಮಂಗಳವಾರ ಅದಕ್ಕೇ ಇಬ್ಬರನ್ನೂ ಕರೆದಿದ್ದೇನೆ.