ನೂರು ವಾಟಿನ ಆಂಪ್, ಹತ್ತಡಿಯ ಕೋಣೆ

ವಾಲ್ವ್ ಆಂಪ್, ಅಂದರೆ ಗಾಜಿನ ವಾಲ್ವ್‌ಗಳಿರುವ ಗಿಟಾರ್ ಆಂಪ್ಲಿಫೈಯರ್, ರಿಪೇರಿ ಮಾಡುತ್ತಾ ನನಗೆ ಮೂವತ್ತು ವರ್ಷ ಆಗುತ್ತಾ ಬಂತು. ನಡುವೆ ಒಂದಷ್ಟು ವರ್ಷ ಬೆಂಗಳೂರಿನ ಬ್ಯಾಂಡ್‌ಗಳಿಗೆ ಸೌಂಡ್ ಕೂಡ ನೋಡಿಕೊಂಡಿದ್ದೇನೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ನನ್ನ ಗಿಟಾರ್ ಆಂಪ್ ತುಂಬಾ ಜೋರು, ಏನು ಮಾಡಲಿ? ಊರು ಮಾತ್ರ ಬೇರೆ ಬೇರೆ. ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಪೆಡಲ್ ಬಗ್ಗೆ ಬರೆಯುತ್ತೇನೆ ಅಂದಿದ್ದೆ, ಅದು ಮುಂದಿನ ಸಲ. ಜೋರು ಆಂಪ್‌ಗಳ ವಿಷಯವನ್ನು ಇವತ್ತೇ ಮುಗಿಸಿಬಿಡೋಣ. ಆಂಪಿನ ಪೆಟ್ಟಿಗೆ ಹೆಡ್, ಸ್ಪೀಕರಿನ ಪೆಟ್ಟಿಗೆ ಕ್ಯಾಬಿನೆಟ್. ಅದಕ್ಕಿಂತ ಹೆಚ್ಚು, ಓಮ್ ಅಂದರೇನು ಎಂದೆಲ್ಲ ಇಲ್ಲಿ ಹೇಳುವುದಿಲ್ಲ. ದುಡ್ಡು ಕೊಟ್ಟು ಆಂಪ್ ತಂದವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ನನ್ನ 100 ವಾಟ್ ಆಂಪ್ ಕೊಟ್ಟು 50 ವಾಟಿನದು ತಗೊಂಡರೆ ಸದ್ದು ಅರ್ಧ ಆಗುತ್ತದಾ? (ಹುಬ್ಬಳ್ಳಿ)

ಇಲ್ಲ. 3 ಡೆಸಿಬಲ್ ಇಳಿಯುತ್ತದೆ, ಪಕ್ಕದ ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಕಿವಿಗೆ ಅರ್ಧ ಅನ್ನಿಸಬೇಕಾದರೆ ವಾಟ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕು. ನಾಲ್ಕು ವಾಲ್ವ್‌ಗಳಲ್ಲಿ ಎರಡನ್ನು ಕಿತ್ತರೆ ಸದ್ದು ಅರ್ಧ ಆಗುತ್ತದಾ ಎಂದು ಕೇಳಿದ ಇನ್ನಿಬ್ಬರಿಗೂ ಇದೇ ಉತ್ತರ.

ಪ್ರಶ್ನೆ: ಸರ್, ನನ್ನ ಹತ್ತಿರ 100 ವಾಟಿನ ವಾಲ್ವ್ ಹೆಡ್ ಇದೆ. ನಾಲ್ಕು 12 ಇಂಚಿನ ಸ್ಪೀಕರ್ ಇರುವ ಕ್ಯಾಬಿನೆಟ್ ಇದೆ. ಬ್ಯಾಂಡ್ ಪ್ರಾಕ್ಟೀಸ್ ಮಾಡುವ ನಮ್ಮ ಜ್ಯಾಮ್ ರೂಮ್ 10 ಅಡಿ, 12 ಅಡಿ. ವಾಲ್ಯೂಮ್ 2ಕ್ಕಿಂತ ಮೇಲೆ ಹೋದರೆ ಡ್ರಮ್ಮರ್ ಎದ್ದು ಹೋಗುತ್ತಾನೆ. 2ರಲ್ಲಿ ಟೋನ್, ಅಂದರೆ ಸ್ವರದ ಬಣ್ಣ, ಸತ್ತ ಹಾಗಿರುತ್ತದೆ. ಜೋರಾಗಿ ಇಟ್ಟರೆ ಮಾತ್ರ ನಿಜವಾದ ಟೋನ್, ಅಲ್ವಾ? ದೊಡ್ಡ ದೊಡ್ಡವರೆಲ್ಲ ಹಾಗೇ ನುಡಿಸಿದ್ದಲ್ವಾ? ಪ್ರಾಕ್ಟೀಸ್ ಆದ ಮೇಲೆ ಒಂದು ದಿನ ಕಿವಿ ಗುಂಯ್ ಅನ್ನುತ್ತದೆ, ಆಮೇಲೆ ಸರಿಹೋಗುತ್ತದೆ. ಕಿವಿ ಹೊಂದಿಕೊಳ್ಳುತ್ತಿದೆ ಅಂದುಕೊಂಡಿದ್ದೇನೆ. (ಮಂಗಳೂರು)

ಮಾರಾಯ್ರೆ, ನಿಮ್ಮ ಕೊನೆಯ ಸಾಲಿಗೇ ಮೊದಲು ಉತ್ತರ ಕೊಡಬೇಕಿತ್ತು. ಆದರೆ ಕಿವಿ ಅಂತ ಶುರು ಮಾಡಿದರೆ ನೀವು ಮುಂದೆ ಓದುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ನಾನೂ ಓದುತ್ತಿರಲಿಲ್ಲ. ಹಾಗಾಗಿ ಟೋನ್ ವಿಷಯವೇ ಮೊದಲು.

ಜೋರಾಗಿ ಇಟ್ಟರೆ ಟೋನ್ ಬದಲಾಗುವುದು ನಿಜ. ಸ್ಪೀಕರಿಗೆ ಪವರ್ ಕೊಡುವ ಔಟ್‌ಪುಟ್ ವಾಲ್ವ್‌ಗಳು ತಮ್ಮ ಮಿತಿ ಮುಟ್ಟಿದಾಗ ಸಿಗ್ನಲ್‌ನ ಅಲೆಯ ನೆತ್ತಿಯನ್ನು ಮೆತ್ತಗೆ ಚಪ್ಪಟೆ ಮಾಡುತ್ತವೆ. ಆ ಒರಟು ಸಿಹಿ ಅಲ್ಲಿಂದ ಬರುತ್ತದೆ. ಸ್ಪೀಕರಿನ ಕಾಗದದ ಕೋನ್ ಕೂಡ ತನ್ನದೊಂದಿಷ್ಟು ಸೇರಿಸುತ್ತದೆ. ಸದ್ದು ಗಾಳಿಯಲ್ಲಿ ವಾಪಸ್ ಬಂದು ಗಿಟಾರಿನ ತಂತಿಯನ್ನೇ ಅಲುಗಿಸುತ್ತದೆ, ಅದಕ್ಕೇ ಸ್ವರ ಸಾಯದೆ ನಿಲ್ಲುತ್ತದೆ. ಇನ್ನೊಂದು ಕಾರಣ ಆಂಪಿನಲ್ಲೇ ಇಲ್ಲ, ನಿಮ್ಮ ತಲೆಯಲ್ಲಿದೆ. ಸದ್ದು ಕಮ್ಮಿ ಇದ್ದಾಗ ಮನುಷ್ಯರ ಕಿವಿಗೆ ಬೇಸ್, ಅಂದರೆ ಮಂದ್ರ ಸ್ವರ, ಸರಿಯಾಗಿ ಕೇಳುವುದಿಲ್ಲ. ಜಾಸ್ತಿಯಾದಾಗ ತುಂಬಿಕೊಂಡು ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ನಿಮ್ಮ 'ಸತ್ತ ಟೋನ್'ನಲ್ಲಿ ದೊಡ್ಡ ಪಾಲು ಇದೇ. ಬೇಸ್ ನಾಬ್ ಒಂದು ಚೂರು ತಿರುಗಿಸಿ ಅಂದರೆ ಯಾರೂ ನಂಬುವುದಿಲ್ಲ. ಹೋಗಿ ಎಂಟು ಸಾವಿರದ ಪೆಡಲ್ ತರುತ್ತಾರೆ.

ಇನ್ನು 'ದೊಡ್ಡವರು'. ಅವರಿಗೆ 100 ವಾಟ್ ಯಾಕೆ ಬೇಕಾಯಿತು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ಮೇಷ್ಟ್ರು ಅಂಗಡಿ ಇಟ್ಟಿದ್ದರು. 1962ರಲ್ಲಿ ಅವರ ಅಂಗಡಿಯವರು ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಆಂಪಿನ ಸರ್ಕ್ಯೂಟ್ ನೋಡಿಕೊಂಡು ಒಂದು ಆಂಪ್ ಮಾಡಿದರು. ಮೂರು ವರ್ಷದಲ್ಲಿ 'ದಿ ಹೂ' ಎಂಬ ರಾಕ್ ಬ್ಯಾಂಡಿನ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಬಂದು, ನನಗೆ 100 ವಾಟ್ ಬೇಕು, ಎಂಟು ಸ್ಪೀಕರ್ ಒಂದೇ ಡಬ್ಬದಲ್ಲಿ ಬೇಕು ಎಂದು ಹಟ ಹಿಡಿದರು. ಡಬ್ಬ ಬಂತು. ಹೊರುವವರ ಸೊಂಟ ಬಿತ್ತು. ಕೊನೆಗೆ ಅದನ್ನೇ ನಾಲ್ಕು ನಾಲ್ಕರ ಎರಡು ಡಬ್ಬ ಮಾಡಿ ಒಂದರ ಮೇಲೊಂದು ಇಟ್ಟರು. ನೀವು ಪೋಸ್ಟರ್‌ಗಳಲ್ಲಿ ನೋಡುವ 'ಸ್ಟ್ಯಾಕ್' ಹುಟ್ಟಿದ್ದು ಹೀಗೆ, ಹಮಾಲರ ಗೋಳಿನಿಂದ.

ಆ ಕಾಲದಲ್ಲಿ ಗಿಟಾರ್ ಆಂಪಿನ ಮುಂದೆ ಮೈಕ್ ಇಡುವ ಪದ್ಧತಿಯೇ ಇರಲಿಲ್ಲ ಅನ್ನಬಹುದು. ಪಿಎ, ಅಂದರೆ ಸಭೆಗೆ ಕೇಳಿಸುವ ಧ್ವನಿವರ್ಧಕ, ಇದ್ದದ್ದು ಹಾಡುವವರ ದನಿಗೆ. ಅದೂ ದುರ್ಬಲ. 1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ನುಡಿಸಿದಾಗ 55,000ಕ್ಕೂ ಹೆಚ್ಚು ಜನ. ಬೀಟಲ್ಸ್ ಹತ್ತಿರ ಇದ್ದದ್ದು ವಾಕ್ಸ್ ಕಂಪನಿಯ 100 ವಾಟಿನ ಆಂಪ್‌ಗಳು. ಜನರ ಕಿರುಚಾಟದಲ್ಲಿ ಅವರಿಗೆ ತಮ್ಮದೇ ಹಾಡು ಕೇಳಲಿಲ್ಲ. ಹಿಂದಿನ ಸಾಲಿನವರೆಗೆ ಗಿಟಾರ್ ಮುಟ್ಟಿಸುವ ಕೆಲಸ ಆಂಪ್ ಒಂದರದೇ ಆಗಿತ್ತು, ಅದಕ್ಕೇ 100 ವಾಟ್. ಇವತ್ತು ಆ ಕೆಲಸ ಪಿಎ ಮಾಡುತ್ತದೆ. ನಿಮ್ಮ ಆಂಪ್ ಮೈಕಿಗೆ ಕೇಳಿಸಿದರೆ ಸಾಕು, ಮೈಕ್ ಇರುವುದು ಎರಡು ಇಂಚು ದೂರದಲ್ಲಿ.

ಸರಿ, ಒಂದು ಲೆಕ್ಕ. ಗಿಟಾರ್ ಸ್ಪೀಕರ್‌ಗಳು ಮನೆಯ ಸ್ಟೀರಿಯೋ ಸ್ಪೀಕರ್‌ಗಳ ಹಾಗಲ್ಲ, ಕೊಟ್ಟ ಕರೆಂಟಿಗೆ ತುಂಬಾ ಕೂಗುತ್ತವೆ. ಸೆಲೆಷನ್ ವಿಂಟೇಜ್ 30 ಎಂಬ ಸ್ಪೀಕರ್ ನಿಮ್ಮ ಕ್ಯಾಬಿನೆಟ್ಟಿನಲ್ಲೇ ಇದ್ದರೂ ಇರಬಹುದು. ಅದಕ್ಕೆ 1 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್. 10 ವಾಟಿಗೆ 110. 100 ವಾಟಿಗೆ 120. ನಿಮ್ಮದು ನಾಲ್ಕು ಸ್ಪೀಕರ್, ಹಾಗಾಗಿ ಇನ್ನೂ ಸ್ವಲ್ಪ ಮೇಲೆ. ಈಗ ಕಿವಿಯ ಕಡೆಯ ಲೆಕ್ಕ ನೋಡಿ. ಅಮೆರಿಕದ ಕಾರ್ಮಿಕರ ಆರೋಗ್ಯ ಸಂಸ್ಥೆ ನಯೋಷ್ ಹೇಳುವ ಪ್ರಕಾರ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಆಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 94ಕ್ಕೆ 1 ಗಂಟೆ. 100ಕ್ಕೆ 15 ನಿಮಿಷ. 106ಕ್ಕೆ ನಾಲ್ಕು ನಿಮಿಷವೂ ಇಲ್ಲ, ಒಂದು ಹಾಡಿನಷ್ಟು. ಅಂದರೆ ಬರೀ 1 ವಾಟ್ ಬಿಟ್ಟುಕೊಂಡು ಎದುರಿಗೆ ನಿಂತರೂ ಕಾಲು ಗಂಟೆಯಲ್ಲಿ ನಿಮ್ಮ ಇಡೀ ದಿನದ ಪಾಲು ಮುಗಿಯಿತು. ನೀವು ಎಡೆಬಿಡದೆ ನುಡಿಸುವುದಿಲ್ಲ, ಒಪ್ಪಿದೆ. ಆದರೆ ನಿಮ್ಮ ಪಕ್ಕದಲ್ಲಿ ಸಿಂಬಲ್ ಬಾರಿಸುವವನೂ ಇದ್ದಾನೆ, ಹತ್ತಡಿಯ ಕೋಣೆಯಲ್ಲಿ ಸದ್ದಿಗೆ ಹೋಗಲು ಬೇರೆ ಜಾಗವೂ ಇಲ್ಲ.

ಈಗ ಆ ಕೊನೆಯ ಸಾಲು. ಕಿವಿ ಹೊಂದಿಕೊಳ್ಳುತ್ತಿದೆ ಎಂದು ನಿಮಗೆ ಯಾರು ಹೇಳಿದರೋ ಅವರನ್ನು ನನ್ನ ಹತ್ತಿರ ಕಳಿಸಿ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಕಿವಿಯೊಂದಕ್ಕೆ ಸುಮಾರು 15,000 ಕೂದಲುಕೋಶಗಳು. ಹುಟ್ಟುವಾಗ ಬಂದಷ್ಟೇ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿಗೆ ಅವು ಬಳಲಿ ಬೀಳುತ್ತವೆ, ಕೆಲವು ಏಳುತ್ತವೆ, ಕೆಲವು ಏಳುವುದಿಲ್ಲ. 2009ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ ಇನ್ನೂ ಹೆದರಿಸುವಂಥದ್ದು. ಸದ್ದಿನ ಪೆಟ್ಟು ಬಿದ್ದ ಇಲಿಗಳ ಕಿವಿ ಕೆಲವು ದಿನಗಳಲ್ಲಿ ಸರಿಯಾಯಿತು, ಪರೀಕ್ಷೆಯಲ್ಲೂ ಪಾಸಾಯಿತು. ಆದರೆ ಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ಕಳಚಿಹೋಗಿದ್ದವು, ಮತ್ತೆ ಕೂಡಲಿಲ್ಲ. ನಿಮ್ಮ ಗುಂಯ್ ಒಂದು ದಿನಕ್ಕೆ ನಿಂತಿತು ಎಂದರೆ ನಷ್ಟ ಏನೂ ಆಗಿಲ್ಲ ಅಂತ ಅರ್ಥವಲ್ಲ.

ನಾನು ಡಾಕ್ಟರ್ ಅಲ್ಲ. ಇದನ್ನೆಲ್ಲ ಓದಿಕೊಂಡದ್ದು ನನ್ನ ಎಡಗಿವಿ ಹೋದ ಮೇಲೆ. ಒಂದು ಕಾಲೇಜು ಫೆಸ್ಟ್. ಬಾಡಿಗೆಗೆ ತಂದ ಸ್ಟ್ಯಾಕ್. ಮಾನಿಟರ್ ಕೇಬಲ್ ಬದಲಿಸಲು ಅದರ ಮುಂದೆ ಬಗ್ಗಿದ್ದೆ. ಗಿಟಾರ್ ಹುಡುಗ ನನ್ನನ್ನು ನೋಡಲಿಲ್ಲ. ಸ್ಟ್ಯಾಂಡ್‌ಬೈ ಸ್ವಿಚ್ ಒತ್ತಿ, ತಂತಿಗಳನ್ನೆಲ್ಲ ಸೇರಿಸಿ ಒಂದು ಕಾರ್ಡ್ ಬಾರಿಸಿದ. ಒಂದೇ ಒಂದು. ಎಡಗಿವಿ ಸ್ಪೀಕರಿನಿಂದ ಒಂದಡಿ ದೂರದಲ್ಲಿತ್ತು. ಹಳೆಯ ಟಿವಿ ಹಾಕಿದಾಗ ಕೀಂ ಅನ್ನುತ್ತಿತ್ತಲ್ಲ, ಆ ಸದ್ದು ಅವತ್ತು ಶುರುವಾದದ್ದು ಇದನ್ನು ಬರೆಯುವಾಗಲೂ ಇದೆ. ಸದ್ದಿನ ಪೆಟ್ಟು ಮೊದಲು ತಿನ್ನುವುದು 4,000 ಹರ್ಟ್ಸ್ ಸುತ್ತಮುತ್ತಲನ್ನು. ಸ, ಶ, ಚ, ತ ಸ್ಪಷ್ಟವಾಗಿ ಕೇಳಲು ಮೇಲಿನ ಆ ಪಟ್ಟಿ ಬೇಕು. ಮನೆಯಲ್ಲಿ 'ಸಾರು ಬೇಕಾ' ಅಂದರೆ ನನಗೆ 'ಆರು ಬೇಕಾ' ಅಂತ ಕೇಳುತ್ತದೆ. ಆರು ಏನು ಅಂತ ಕೇಳುತ್ತೇನೆ. ಮಕ್ಕಳು ನಗುತ್ತಾರೆ. ಒಂದೊಂದು ದಿನ ನನಗೆ ನಗು ಬರುವುದಿಲ್ಲ.

ನಿಮ್ಮ 'ದೊಡ್ಡವರ' ಕತೆಯೂ ಬೇರೆ ಅಲ್ಲ. 1976ರ ಮೇ 31ರಂದು ಲಂಡನ್ನಿನ ಚಾರ್ಲ್‌ಟನ್ ಫುಟ್‌ಬಾಲ್ ಮೈದಾನದಲ್ಲಿ ದಿ ಹೂ ನುಡಿಸಿದಾಗ 32 ಮೀಟರ್ ದೂರದಲ್ಲಿ 126 ಡೆಸಿಬಲ್ ಅಳೆದರು, ಗಿನ್ನೆಸ್ ಪುಸ್ತಕ ಸೇರಿತು. ಆಮೇಲೆ ಗಿನ್ನೆಸ್‌ನವರೇ ಜನರ ಕಿವಿ ಹಾಳಾಗುತ್ತದೆ ಎಂದು ಆ ವಿಭಾಗವನ್ನು ಕೈಬಿಟ್ಟರು. ಟೌನ್‌ಶೆಂಡ್? ಕಿವಿ ಕೆಟ್ಟು, 1989ರ ಪ್ರವಾಸದಲ್ಲಿ ಹೆಚ್ಚಿನ ಹೊತ್ತು ಅಕೂಸ್ಟಿಕ್ ಗಿಟಾರ್ ಹಿಡಿದು ನಿಂತರು. ಜೋರು ಎಲೆಕ್ಟ್ರಿಕ್ ಕೆಲಸಕ್ಕೆ ಬೇರೊಬ್ಬರನ್ನು ಕರೆಸಿದ್ದರು. ತನ್ನ ಕಿವಿ ಕೆಟ್ಟಿದ್ದಕ್ಕೆ ಸ್ಟುಡಿಯೋದ ಹೆಡ್‌ಫೋನೇ ಮುಖ್ಯ ಕಾರಣ ಎಂದು ಅವರು ಹೇಳುತ್ತಾರೆ, ಹೆಡ್‌ಫೋನಿನಲ್ಲಿ ಪ್ರಾಕ್ಟೀಸ್ ಮಾಡುವವರೂ ಇದನ್ನು ಓದಿಕೊಳ್ಳಿ. ಹೆಸರುವಾಸಿ ಗಿಟಾರ್ ವಾದಕರಾದ ಎರಿಕ್ ಕ್ಲಾಪ್ಟನ್, ನೀಲ್ ಯಂಗ್, ಜೆಫ್ ಬೆಕ್ ಎಲ್ಲರೂ ಕಿವಿಯ ಗುಂಯ್ ಬಗ್ಗೆ ಬಾಯಿಬಿಟ್ಟು ಹೇಳಿಕೊಂಡವರೇ.

ಏನು ಮಾಡಬೇಕು? ಆಂಪನ್ನು ನೆಲದಿಂದ ಎತ್ತಿ. ಇದಕ್ಕೆ ದುಡ್ಡು ಬೇಡ, ಅದಕ್ಕೇ ಯಾರೂ ಮಾಡುವುದಿಲ್ಲ. 12 ಇಂಚಿನ ಸ್ಪೀಕರಿನ ಚುರುಕು ಸ್ವರಗಳು, ಅಂದರೆ ಟ್ರೆಬಲ್, ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತವೆ. ಸದ್ದೆಲ್ಲ ನಿಮ್ಮ ಮೊಣಕಾಲಿಗೆ ಬಡಿಯುತ್ತಿರುತ್ತದೆ. ನಿಮಗೆ ಮಂಕಾಗಿ ಕೇಳುತ್ತದೆ, ಟ್ರೆಬಲ್ ಏರಿಸುತ್ತೀರಿ, ಎದುರಿಗೆ ಕೂತವರ ಕಿವಿಗೆ ಸೂಜಿ. ಗಟ್ಟಿ ಸ್ಟೂಲಿನ ಮೇಲೆ, ಪಬ್ ಆದರೆ ಬಿಯರ್ ಕ್ರೇಟ್ ಮೇಲೆ ಇಟ್ಟು ಹಿಂದಕ್ಕೆ ವಾಲಿಸಿ, ನಿಮ್ಮ ಮುಖಕ್ಕೆ ಸರಿಯಾಗಿ. ನೀವೇ ವಾಲ್ಯೂಮ್ ಇಳಿಸುತ್ತೀರಿ.

ಔಟ್‌ಪುಟ್ ವಾಲ್ವ್‌ನ ಒರಟುತನವೇ ಬೇಕೆಂದರೆ ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್ ಹಾಕಿ. ಬಂದ ಪವರ್‌ನಲ್ಲಿ ಹೆಚ್ಚಿನದನ್ನು ಅದು ಬಿಸಿ ಮಾಡಿ ಕಳೆಯುತ್ತದೆ. ಆಂಪ್, ಅಟೆನ್ಯುಯೇಟರ್, ಸ್ಪೀಕರ್ ಮೂರರ ಓಮ್ ಹೊಂದಬೇಕು, ಸ್ಪೀಕರ್ ಕೇಬಲ್ಲೇ ಹಾಕಬೇಕು, ಗಿಟಾರ್ ಕೇಬಲ್ ಅಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಾಲ್ಕು ರೆಸಿಸ್ಟರ್ ತಂದು ಮನೆಯಲ್ಲೇ ಮಾಡುತ್ತೇನೆ ಅನ್ನುವ ಧೀರರ ಸುಟ್ಟ ಟ್ರಾನ್ಸ್‌ಫಾರ್ಮರ್‌ಗಳು ನನ್ನ ಅಂಗಡಿಯಲ್ಲಿ ಮೂರು ಬಿದ್ದಿವೆ. ಇಲ್ಲವೇ 5 ವಾಟಿನ ಪುಟ್ಟ ವಾಲ್ವ್ ಆಂಪ್ ತಗೊಳ್ಳಿ. ಅದೂ ಪೂರ್ತಿ ತಿರುಗಿಸಿದರೆ ನಿಮ್ಮ ಕೋಣೆಗೆ ಜಾಸ್ತಿಯೇ.

ಇದೆಲ್ಲ ಮಾಡಿದರೂ ಕಿವಿಗೆ ಪ್ಲಗ್ ಬೇಕು. ಹಳದಿ ಫೋಮ್ ಚುರುಕು ಸ್ವರಗಳನ್ನೇ ಹೆಚ್ಚು ನುಂಗಿ ಎಲ್ಲವನ್ನೂ ಮಂಕು ಮಾಡುತ್ತದೆ, ಅದಕ್ಕೇ ಸಂಗೀತಗಾರರು ಕಿತ್ತು ಬಿಸಾಡುತ್ತಾರೆ. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ಇಳಿಸುತ್ತದೆ. ಒಂದು ಒಳ್ಳೆಯ ಕೇಬಲ್ಲಿನ ಬೆಲೆಗೆ ಸಿಗುತ್ತದೆ. ಕೇಬಲ್ ಕೊಂಡಿದ್ದೀರಿ ತಾನೇ? ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಇದೇ ಅವರ ಕೆಲಸ. ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂದವಾದರೆ ಮಾತ್ರ ಕಾಯಬೇಡಿ, ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಓಡಿ. ನಾನು ಹನ್ನೊಂದು ದಿನ ಕಾದೆ.

ಪ್ರಶ್ನೆ: ಕಿವಿ ಗುಂಯ್‌ಗುಡುವುದಕ್ಕೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಬಹುದಾ? ಏಳು ದಿನದಲ್ಲಿ ವಾಸಿ ಅಂತ ಒಬ್ಬರು ಡ್ರಾಪ್ಸ್ ಮಾರುತ್ತಿದ್ದಾರೆ. (ದಾವಣಗೆರೆ)

ಎಣ್ಣೆ ಕಿವಿಯ ತಮಟೆಯವರೆಗೆ ಹೋಗುತ್ತದೆ. ಪೆಟ್ಟು ಬಿದ್ದಿರುವುದು ತಮಟೆಯ ಆಚೆ, ಮೂಳೆಯ ಒಳಗೆ. ಬಾಗಿಲಿಗೆ ಮುಲಾಮು ಹಚ್ಚಿದರೆ ಒಳಗೆ ಮಲಗಿದವರ ಜ್ವರ ಇಳಿಯುತ್ತದಾ? ತಮಟೆಯಲ್ಲಿ ತೂತಿದ್ದರಂತೂ ಎಣ್ಣೆ ನಡುಗಿವಿಗೆ ಇಳಿದು ಸೋಂಕು. ಏಳು ದಿನದ ಡ್ರಾಪ್ಸ್ ಮಾರುವವರು ಕಳ್ಳರು. ಕಿವಿಗೆ ಮೇಣದಬತ್ತಿ ಹಚ್ಚುವವರೂ ಅಷ್ಟೇ.

ಪ್ರಶ್ನೆ: ಜ್ಯಾಮ್ ರೂಮಿನ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ದೇವೆ. ಆದರೂ ಪಕ್ಕದ ಮನೆಯವರು ಜಗಳ. (ಬೆಂಗಳೂರು)

ಮೊಟ್ಟೆ ಟ್ರೇ ಮೊಟ್ಟೆಗೆ. ಸದ್ದು ತಡೆಯುವುದು ತೂಕ: ಗೋಡೆ, ಸಂದಿಲ್ಲದ ಬಾಗಿಲು. ಒಣಗಿದ ಕಾಗದ ಇಡೀ ಗೋಡೆಗೆ, ಪಕ್ಕದಲ್ಲಿ ಬಿಸಿ ಆಂಪ್, ಒಬ್ಬ ಸಿಗರೇಟ್ ಸೇದುವವನು. ಇವತ್ತೇ ಕಿತ್ತುಹಾಕಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎನ್ನುತ್ತದೆ 2000ದ ಶಬ್ದ ಮಾಲಿನ್ಯ ನಿಯಮ. ಪಕ್ಕದ ಮನೆಯವರು ಇನ್ನೂ ಜಗಳದಲ್ಲೇ ಇದ್ದಾರೆ, ಪುಣ್ಯ.

ಪ್ರಶ್ನೆ: ಸ್ಪೀಕರ್ ತೆಗೆದಿಟ್ಟು ವಾಲ್ವ್ ಆಂಪ್ ನುಡಿಸಿದರೆ ಸದ್ದೇ ಬರಲ್ಲ ಅಲ್ವಾ? (ಶಿವಮೊಗ್ಗ)

ಬರಲ್ಲ. ಆಮೇಲೆ ಯಾವತ್ತೂ ಬರಲ್ಲ.

ಪ್ರಶ್ನೆ: ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕಾ? (ಧಾರವಾಡ)

ಹತ್ತಿ ಹಣತೆಗೆ.

ಪ್ರಶ್ನೆ: ನನ್ನ ಗೆಳೆಯನ ಹಳೆಯ ಫೆಂಡರ್ ಆಂಪ್‌ನ ನಾಬ್ 12ರವರೆಗೆ ಇದೆ, ನನ್ನದು 10ರವರೆಗೆ. ಅದು ಜಾಸ್ತಿ ಜೋರಾ? (ಉಡುಪಿ)

ಅಂಕಿ ಅಚ್ಚು ಹಾಕಿದವರ ಇಷ್ಟ. ಮುಂದಿನದು.

ಪ್ರಶ್ನೆ: ಸರ್, ನನ್ನ 100 ವಾಟಿನ ಹೆಡ್ ಮಾರಬೇಕೆಂದಿದ್ದೇನೆ. ನೀವು ತಗೊಳ್ಳುತ್ತೀರಾ? (ಮೈಸೂರು)

ವಾಲ್ವ್ ಬದಲಿಸಿ ಎಷ್ಟು ದಿನ ಆಯಿತು, ಟ್ರಾನ್ಸ್‌ಫಾರ್ಮರ್ ಮೂಲದ್ದೇನಾ ಎಂದು ಬರೆಯಿರಿ. ಫೋಟೋ ಹಿಂದಿನಿಂದ ತೆಗೆದು ಕಳಿಸಿ. ಮುಂದಿನಿಂದ ಎಲ್ಲ ಆಂಪೂ ಚೆನ್ನಾಗೇ ಕಾಣುತ್ತದೆ.