ಆಶ್ರಯ ಕೇಂದ್ರ ಇರುವಾಗ ನಿರಾಶ್ರಿತರಿಗೆ ಕಾಯಂ ಮನೆ ಏಕೆ ಬೇಕು?

ಬಳ್ಳಾರಿ ರೈಲು ನಿಲ್ದಾಣದ ಆಸುಪಾಸಿನಲ್ಲಿ ವರ್ಷಗಟ್ಟಲೆ ಮಲಗುವವರಿಗೆ ರಾತ್ರಿ ತಂಗಲು ಆಶ್ರಯ ಕೇಂದ್ರ ಸಾಲದೇ ಎಂದು ಕೇಳಿದ್ದೀರಿ. ಗುಳೆ ಬಂದ ಕೂಲಿಕಾರರಿಗೆ ಬಹುಶಃ ಸಾಕಾದೀತು. ಮಾನಸಿಕ ಕಾಯಿಲೆಯೊಂದಿಗೋ ಕುಡಿತದ ಚಟದೊಂದಿಗೋ ಬೀದಿಯಲ್ಲೇ ಬದುಕು ಸವೆಸಿದವರಿಗೆ ಸಾಲದು. ಆಧಾರ್, ಪಿಂಚಣಿಯ ಪಾಸ್‌ಬುಕ್, ಆಸ್ಪತ್ರೆಯ ಚೀಟಿ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಲೆದಿಂಬು ಮಾಡಿಕೊಳ್ಳುವವರು, ಆ ಚೀಲ ಕಳುವಾದ ದಿನ ಚಿಕಿತ್ಸೆಯನ್ನೂ ಪಿಂಚಣಿಯನ್ನೂ ಒಟ್ಟಿಗೇ ಕಳೆದುಕೊಳ್ಳಬೇಕಾಗುತ್ತದೆ.

ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನರ ಆಶ್ರಯ ಕೇಂದ್ರವೊಂದು ಇರಬೇಕೆಂಬುದು 2024ರಲ್ಲಿ ಮುಗಿದ ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾನದಂಡವಾಗಿತ್ತು. ಆದರೆ ಅಲ್ಲಿ ದೊರೆಯುವುದು ಹಾಸಿಗೆ, ಬಾಡಿಗೆದಾರನ ಹಕ್ಕಲ್ಲ.

1992ರಲ್ಲಿ ನ್ಯೂಯಾರ್ಕಿನಲ್ಲಿ ಮನೋವಿಜ್ಞಾನಿ ಸ್ಯಾಮ್ ಸೆಂಬೆರಿಸ್ ಆರಂಭಿಸಿದ ‘ಮೊದಲು ಮನೆ’ ಪದ್ಧತಿಯು, ಕುಡಿತ ಬಿಟ್ಟ ಮೇಲೆ ಮನೆ ಎಂಬ ಷರತ್ತನ್ನು ಕೈಬಿಟ್ಟು, ಬಾಡಿಗೆಯ ಬಹುಪಾಲನ್ನು ಸಹಾಯಧನದಿಂದ ಭರಿಸಿ, ವೈದ್ಯಕೀಯ ಸಿಬ್ಬಂದಿ ಮನೆಗೇ ಬಂದು ವಿಚಾರಿಸುವ ಏರ್ಪಾಡು ಮಾಡಿತು. ಕೆನಡಾದ ಐದು ನಗರಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಎಂದಿನ ಸೇವೆಗಳನ್ನಷ್ಟೇ ಪಡೆದವರಿಗಿಂತ ಇವರಲ್ಲಿ ಮನೆ ಉಳಿಸಿಕೊಂಡವರ ಪ್ರಮಾಣ ಸ್ಪಷ್ಟವಾಗಿ ಹೆಚ್ಚಿತ್ತು. ಚಟದ ವಿಷಯದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ (ಪ್ರಚಾರಕರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ).

ಬಳ್ಳಾರಿ, ರಾಯಚೂರುಗಳಿಗೆ ಮಾನಸಿಕ ಕಾಯಿಲೆಯ ನಿರಾಶ್ರಿತರಿಗಾಗಿ ದುಡಿಯುವ ಚೆನ್ನೈನ ಬ್ಯಾನಿಯನ್ ಸಂಸ್ಥೆಯ ಮಾದರಿ ಹೆಚ್ಚು ಹೊಂದೀತು ಎಂಬುದು ನನ್ನ ಅಭಿಪ್ರಾಯ: ಸಾಮಾನ್ಯ ಓಣಿಯ ಬಾಡಿಗೆ ಮನೆಯಲ್ಲಿ ನಾಲ್ಕೈದು ಜನ ಕೂಡಿ ಬಾಳುತ್ತಾರೆ, ಜೊತೆಗೆ ಆರೈಕೆಯ ಕಾರ್ಯಕರ್ತೆಯರೂ ಇರುತ್ತಾರೆ.