ಐಐಎಸ್‌ಸಿ ಓಪನ್ ಡೇಗೆ ದಾವಣಗೆರೆಯಿಂದ ಬರೋರಿಗೆ

ಮೇಡಂ, ಮಗಳು ಫಸ್ಟ್ ಪಿಯುಸಿ ಸೈನ್ಸ್, ಮೊದಲ ಸಲ ಐಐಎಸ್‌ಸಿ ಓಪನ್ ಡೇಗೆ ಕರ್ಕೊಂಡ್ ಬರ್ತಿದೀವಿ, ಒಂದೇ ದಿನದಲ್ಲಿ ಏನ್ ನೋಡ್ಬೇಕು ಅಂತ ಕೇಳಿದೀರಲ್ಲ, ಖಂಡಿತ ಬನ್ನಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ತನ್ನ ಲ್ಯಾಬ್‌ಗಳನ್ನ ಎಲ್ಲರಿಗೂ ತೆರೆದಿಡೋ ದಿನ ಅದು, ಎಂಟ್ರಿ ಫ್ರೀ. ಆದ್ರೆ ಎಲ್ಲಾ ನೋಡ್ತೀವಿ ಅಂತ ಹೊರಟ್ರೆ ಏನೂ ನೋಡಿದಂಗಾಗಲ್ಲ, ಕ್ಯಾಂಪಸ್ಸೇ ಸುಮಾರು 400 ಎಕರೆ, ಜನ ಅಂತೂ ಜಾತ್ರೆ ಥರ. ಹಿಂದಿನ ರಾತ್ರಿನೇ ಅವರ ವೆಬ್‌ಸೈಟ್ ನೋಡಿ ಮೂರ್ನಾಲ್ಕು ಡಿಪಾರ್ಟ್‌ಮೆಂಟ್ ಆರಿಸ್ಕೊಳ್ಳಿ, ಆರಿಸೋದು ಮಗಳೇ ಆಗ್ಲಿ, ದಯವಿಟ್ಟು ನೀವು ಬೇಡ. ರೈಲಲ್ಲಿ ಬಂದ್ರೆ ಯಶವಂತಪುರದಲ್ಲೇ ಇಳ್ಕೊಳ್ಳಿ, ಹತ್ರ, ಮತ್ತೆ ಬೆಳಗ್ಗೆ ಬೇಗ ಒಳಗಡೆ ಹೋಗ್ಬಿಡಿ, ಮಧ್ಯಾಹ್ನ ಆಗ್ತಾ ಆಗ್ತಾ ಲ್ಯಾಬ್‌ಗಳ ಮುಂದೆ ಕ್ಯೂ ಬೆಳೆಯುತ್ತೆ.

ನಾನು ಅಕ್ಕನ ಮಗಳನ್ನ ಕರ್ಕೊಂಡ್ ಹೋದಾಗ ಬಯಾಲಜಿ ಕಡೆ ಪಿಎಚ್‌ಡಿ ಹುಡುಗಿಯೊಬ್ಬಳು ಮೈಕ್ರೋಸ್ಕೋಪಲ್ಲಿ ಜೀಬ್ರಾಫಿಶ್ ಅನ್ನೋ ಪುಟ್ಟ ಮೀನಿನ ಮರಿ ತೋರಿಸಿದ್ಲು, ಮೈಯೆಲ್ಲಾ ಗಾಜಿನ ಥರ, ಒಳಗೆ ಚಿಕ್ಕ ಹೃದಯ ಪಟಪಟ ಅಂತ ಬಡ್ಕೊಳ್ಳೋದು ಕಾಣ್ತಿತ್ತು. ಇವಳು ಅಲ್ಲೇ ಅರ್ಧ ಗಂಟೆ ನಿಂತ್ಲು, ದಿನಾ ಏನ್ ಕೆಲಸ ಮಾಡ್ತೀರ ಅಕ್ಕಾ, ಎಕ್ಸ್‌ಪೆರಿಮೆಂಟ್ ಕೆಟ್ಟೋದ್ರೆ ಏನ್ ಮಾಡ್ತೀರ ಅಂತ ಕನ್ನಡದಲ್ಲೇ ಕೇಳಿದ್ಲು, ಆ ಹುಡುಗಿನೂ ಎಷ್ಟು ಪ್ರೀತಿಯಿಂದ ಹೇಳಿದ್ಲು ಅಂದ್ರೆ ಅದೇ ನಮಗೆ ಇಡೀ ದಿನದ ಲಾಭ. ಹಂಗಾಗಿ ಇಂಗ್ಲಿಷ್ ಬರಲ್ಲ ಅಂತ ಮಗಳು ಹಿಂಜರಿಯೋದು ಬೇಡ.

ಇನ್ನೊಂದು, ಅಲ್ಲಿ ಪಿಯುಸಿ ಆದ್ಮೇಲೆ ಸೇರೋ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಅನ್ನೋ ಡಿಗ್ರಿ ಇದೆ, 2022ರಿಂದ ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್ ಬಿಟೆಕ್ ಕೂಡ ಇದೆ, ಇವಕ್ಕೆ ನಮ್ಮ ಸಿಇಟಿ ರ‍್ಯಾಂಕ್ ನಡೆಯಲ್ಲ, ಅಲ್ಲಿ ಓದ್ತಿರೋ ಹುಡುಗ್ರನ್ನೇ ಹಿಡಿದು ಯಾವ ಎಕ್ಸಾಮ್ ಬರೆದ್ರಿ, ಪಿಯುಸಿ ಟೈಮಲ್ಲಿ ಹೆಂಗೆ ಓದಿದ್ರಿ ಅಂತ ಕೇಳಿಸಿ. ನೀರಿನ ಬಾಟ್ಲಿ, ಟೋಪಿ ಮರೀಬೇಡಿ, ಬಿಸಿಲಲ್ಲಿ ತುಂಬಾ ನಡೀಬೇಕಾಗುತ್ತೆ.